ಮೂರನೆಯ ಕೂಗು

"ಈ ಹಾಡಿನ ಅರ್ಥ ಹೇಳ್ರಿ ಬಾಯಾರ. ಅರ್ಥ ನೆಟ್ಟಗ ಇತ್ತಂದ್ರ ಅಕಿನ್ನ ಕರಕೊಂಡು ಹೋಗ್ರಿ. ಇಲ್ಲಾಂದ್ರ ಪಂಚಮೀನೂ ಇಲ್ಲ, ತವರೂ ಇಲ್ಲ."

ಇಷ್ಟು ಹೇಳಿ ರಮೇಶಕುಮಾರ ನನ್ನ ಫೋನನ್ನು ತನ್ನ ಅಂಗಿಯ ಜೇಬಿಗೆ ಇಳಿಸಿಕೊಂಡ. ಹಾಡು ಕೇಳಿಸುತ್ತೇನೆ, ಕೊಡಿ ಎಂದು ಮರ್ಯಾದೆಯಿಂದಲೇ ಕೇಳಿ ಪಡೆದಿದ್ದ. ಹಾಡು ಮುಗಿಯಿತು, ಫೋನು ವಾಪಸು ಬರಲಿಲ್ಲ. ತಲಬಾಗಿಲಿಗೆ ಒಳಗಿನಿಂದ ಬೀಗ ಬಿದ್ದು ಆಗಲೇ ಬಹಳ ಹೊತ್ತಾಗಿತ್ತು. ಬೀದಿನಾಯಿ ನುಗ್ಗುತ್ತವೆ ಎಂಬ ನೆಪ ಹೇಳಿದ್ದ. ಹಾಡುಹಗಲಲ್ಲಿ ಬೀಗ ಹಾಕಿಸುವಷ್ಟು ಜಾಣ ನಾಯಿಗಳನ್ನು ನಾನು ಈ ಆಡಕಿ ಊರಲ್ಲಿ ಕಂಡಿರಲಿಲ್ಲ.

ನಾನು ಅಂಗಳದ ಫರಸಿ ಕಲ್ಲಿನ ಕಟ್ಟೆಯ ಮೇಲೆ ಕುಳಿತಿದ್ದೆ. ಪಕ್ಕದಲ್ಲಿ ಚಿಮ್ಮನಚೋಡದಿಂದ ನನ್ನ ಜೊತೆ ಬಂದಿದ್ದ ಹಣಮಮ್ಮ, ಭಾಗ್ಯಳ ತಾಯಿ. ಎದುರಿಗೆ ಭಾಗ್ಯಳ ಗಂಡ ರಮೇಶಕುಮಾರ. ಪಡಸಾಲೆಯಲ್ಲಿ ಅವಳ ಅತ್ತೆ ದಾನಮ್ಮ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಅಡುಗೆಮನೆಯ ಪರದೆಯ ಕೆಳಗೆ ಎರಡು ಪಾದಗಳು ಕಾಣುತ್ತಿದ್ದವು. ನಾವು ಬಂದಾಗಿನಿಂದ ಭಾಗ್ಯ ನಮಗೆ ಕಂಡದ್ದು ಅಷ್ಟೇ.

ಆ ಪಾದಗಳನ್ನು ಹೊಸಿಲು ದಾಟಿಸಿ ಸೇಡಂ ಬಸ್ಸು ಹತ್ತಿಸುವುದು ಹಣಮಮ್ಮ ನನಗೆ ಒಪ್ಪಿಸಿದ ಕೆಲಸ. ನಾಗರ ಪಂಚಮಿಗೆ ಹೆಣ್ಣುಮಗಳನ್ನು ಕರೆಯಲು ಬಂದ ತವರಿನವರನ್ನು ಬರಿಗೈಲಿ ಕಳಿಸಲು ನಮ್ಮ ಕಡೆ ಎಂಥವರೂ ಅಂಜುತ್ತಾರೆ. ಅದಕ್ಕೇ ನಾನು ಈ ದಿನ ಆರಿಸಿದ್ದೆ, ಭಾಗ್ಯಳಿಗೆ ಕಾಲೇಜಿನಲ್ಲಿ ಕನ್ನಡ ಕಲಿಸಿದ ಮೇಡಂ, ಇವರ ಬಾಯಲ್ಲಿ ಬಾಯಾರು, ಎಂದು ವೇಷವನ್ನೂ ಹಾಕಿದ್ದೆ. ನಾನು ಕಲಿಸಿದ್ದು ಏನೂ ಇಲ್ಲ. ಸೇಡಂ ಬಸ್‌ಸ್ಟ್ಯಾಂಡಿನ ಎದುರು, ಮೊದಲನೇ ಮಾಳಿಗೆಯಲ್ಲಿ 'ಶುಭಾ, ಖಾಸಗಿ ತನಿಖೆ' ಎಂಬ ಬೋರ್ಡು ಹಾಕಿಕೊಂಡು ಹೊಟ್ಟೆ ಹೊರೆಯುವವಳು. ಶಾಲೆಯಲ್ಲಿ ಪದ್ಯದ ಭಾವಾರ್ಥವನ್ನು ಗೈಡು ನೋಡಿ ಉರು ಹೊಡೆದು ಪಾಸಾದವಳು. ಅಂಥವಳಿಗೆ ಈಗ ಬೀಗ ಹಾಕಿದ ಅಂಗಳದಲ್ಲಿ ಪರೀಕ್ಷೆ ಬಂದಿತ್ತು.

ಹಾಡಂತೂ ಊರೂರು ಸುತ್ತಿಬಂದಿತ್ತು. ಹಾಡಿದವಳ ಹೆಸರಿಲ್ಲ, ಮುಖವಿಲ್ಲ, ಒಂದು ಕಪ್ಪು ಚಿತ್ರ, ಹಿಂದೆ ಗಿಟಾರು. ಚಿತ್ತಾಪುರದ ಆಟೋಗಳಲ್ಲಿ ಅದೇ, ಶಹಾಬಾದಿನ ಚಹಾದಂಗಡಿಗಳಲ್ಲಿ ಅದೇ. ಪ್ರೀತಿ ಮುರಿದ ಹುಡುಗ ಹುಡುಗಿಯರೆಲ್ಲ ಅದನ್ನು ತಮ್ಮ ರೀಲುಗಳಿಗೆ ಅಂಟಿಸಿಕೊಂಡು ಅತ್ತಿದ್ದರು. ಒಂದು ದಿನ ನೆರೆಮನೆಯ ಫೋನಿನಲ್ಲಿ ಅದನ್ನು ಕೇಳಿದ ಹಣಮಮ್ಮ ಕೈಯಲ್ಲಿದ್ದ ಕೊಡ ಕೆಳಗಿಟ್ಟಳು. ದನಿ ಅವಳ ಮಗಳದು.

ಅದೇ ದನಿಯನ್ನು ಗಂಡನೂ ಗುರುತಿಸಿದ್ದ. ಅಲ್ಲಿಂದಾಚೆ ಭಾಗ್ಯಳ ಫೋನು ಹೋಯಿತು, ಹೊರಗಿನ ಓಡಾಟ ನಿಂತಿತು. ತಾಯಿಯೊಂದಿಗೆ ಮಾತಾಡಬೇಕಾದರೆ ಗಂಡನ ಫೋನಿನಲ್ಲಿ, ಸ್ಪೀಕರ್ ಹಾಕಿಕೊಂಡು, ಆರಾಮ ಇದ್ದೀನಿ ಎಂಬಷ್ಟು ಮಾತ್ರ.

ರಮೇಶಕುಮಾರ ಈಗ ತನ್ನ ಫೋನು ತೆಗೆದು ಅದೇ ಹಾಡನ್ನು ಮತ್ತೊಮ್ಮೆ ಹಚ್ಚಿದ.

ದೀಪಾ ಇಳಿಸಿದೆ ಕತ್ತಲಿಗಿ
ನಟ್ಟನಡುವೆ ಆರಿತು
ಆರಿದ್ದ ನೋಡಿದ್ದು ನನ್ನ ಕಣ್ಣು
ಉರೀತದ ಅಂದಿತು ಬಾಯಿ

ಮೊದಲನೇ ಕೂಗಿಗಿ ಓ ಅಂದಿ
ಎರಡನೇದಕ್ಕೂ ಓ ಅಂದಿ
ಮೂರನೇ ಕೂಗು ನನ್ನ ಕೊರಳಾಗ
ಇನ್ನಾ ಕುಂತದ, ಎಲ್ಲಿದ್ದಿ

ಅವನ ಅರ್ಥ ಅವನಿಗೆ ತಯಾರಿತ್ತು. ದೀಪವೆಂದರೆ ಪ್ರೀತಿ. ಆರಿದ್ದು ಗಂಡನ ಮೇಲಿನ ಪ್ರೀತಿ, ಉರಿಯುತ್ತಿದೆ ಎಂದು ಬಾಯಿಮಾತಿಗೆ ಹೇಳಿದ್ದು ಗಂಡನಿಗೆ. ಇನ್ನು 'ಎಲ್ಲಿದ್ದಿ' ಎಂದು ಕರೆಯುತ್ತಿರುವುದು ಹೋದ ವರ್ಷ ಸತ್ತ ತನ್ನ ತಮ್ಮ ಲಕ್ಷ್ಮಿಕಾಂತನನ್ನು. ಅತ್ತಿಗೆ ಮೈದುನರ ನಡುವೆ ತನ್ನ ಕಣ್ಣಿಗೆ ಬೀಳದ್ದು ಏನೋ ಇತ್ತು. ಇದನ್ನೆಲ್ಲ ಅವನು ನೆಲ ನೋಡುತ್ತ ಹೇಳಿದ. ಅವನು ಬರೀ ಸಿಟ್ಟಿನ ಮನುಷ್ಯನಾಗಿದ್ದರೆ ನನಗೆ ಸುಲಭವಿತ್ತು. ಅವನು ತನ್ನ ಅರ್ಥದೊಳಗೆ ಸಿಕ್ಕಿಬಿದ್ದು ನರಳುತ್ತಿದ್ದ, ತಾನು ಸಿಕ್ಕಿಬಿದ್ದ ಜಾಗದಲ್ಲೇ ಹೆಂಡತಿಯನ್ನೂ ಕೂಡಿಹಾಕಿದ್ದ.

ಹಾಡು ಬರೀ ಕಲ್ಪನೆ ಎಂದು ಸಾಗಹಾಕಿದರೆ ಅವನು ನಂಬುವುದಿಲ್ಲ. ಯಾವುದೋ ಹಳೆಯ ನೆನಪು ಎಂದರೆ ಯಾರದೆಂದು ಕೇಳುತ್ತಾನೆ. ಭಾಗ್ಯಳನ್ನೇ ಕರೆಯಿರಿ, ಬರೆದವಳೇ ಹೇಳಲಿ ಎಂದು ನಾನು ಕೇಳಿದೆ. ಅವಳು ಅಲ್ಲೇ ಇರಲಿ ಎಂದ. ಪರದೆಯ ಕೆಳಗಿನ ಪಾದಗಳು ಒಂದಿಷ್ಟೂ ಅಲುಗಲಿಲ್ಲ.

ಹೊತ್ತು ಕಳೆಯಲೆಂದು ಕಣ್ಣಾಡಿಸಿದೆ. ಅಂಗಳದ ನಡುವೆ ಒಂದು ಫರಸಿ ಉಳಿದವಕ್ಕಿಂತ ತುಸು ಎತ್ತರ ಕುಳಿತಿತ್ತು. ಸುತ್ತ ಮೆತ್ತಿದ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಹಗೇವಿನ ಬಾಯಿ. ಜೋಳ ತುಂಬಿಡುವ ನೆಲದೊಳಗಿನ ಕಣಜ. ಈಗ ಹಗೇವು ಇಟ್ಟುಕೊಂಡ ಮನೆಗಳೇ ಅಪರೂಪ, ಇದ್ದವರೂ ಕಸ ಹಾಕಿ ಮುಚ್ಚಿದ್ದಾರೆ. ಈ ಮನೆಯಲ್ಲಿ ಮಾತ್ರ ಹೋದ ವರ್ಷದವರೆಗೂ ಜೋಳ ಅದರಲ್ಲೇ. ಲಕ್ಷ್ಮಿಕಾಂತ ಸತ್ತದ್ದು ಅದರೊಳಗೆ.

ಆ ಸಾವಿನ ಕಥೆಯನ್ನು ಹಣಮಮ್ಮ ಬಸ್ಸಿನಲ್ಲಿ ಹೇಳಿದ್ದಳು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಬಾಯಿ ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ. ಹಗ್ಗಕ್ಕೆ ಕಂದೀಲು ಕಟ್ಟಿ ಮೊದಲು ಅದನ್ನು ಇಳಿಸುತ್ತಾರೆ. ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು, ಆರಿದರೆ ಆ ದಿನ ಬಾಯಿ ತೆರೆದಿಟ್ಟು ಸುಮ್ಮನಾಗಬೇಕು. ಇಳಿದವನನ್ನು ಮೇಲಿನವರು ಬಿಡದೆ ಕೂಗುತ್ತಿರಬೇಕು, ಅವನು ಪ್ರತಿ ಕೂಗಿಗೂ ಓ ಅನ್ನಬೇಕು. ಓ ನಿಂತರೆ ಹಗ್ಗ ಜಗ್ಗಬೇಕು. ಲಕ್ಷ್ಮಿಕಾಂತನನ್ನು ಜಗ್ಗುವಷ್ಟರಲ್ಲಿ ಹಗ್ಗದ ಗಂಟು ಬಿಚ್ಚಿತ್ತು. ಕಂದೀಲು ಇಳಿಸಿ ನೋಡಿಯೇ ಇಳಿಸಿದ್ದೆವು ಎಂದು ಮನೆಯವರು ಹೇಳಿಕೆ ಕೊಟ್ಟಿದ್ದರು. ಆಕಸ್ಮಿಕ ಸಾವು ಎಂದು ಎಲ್ಲ ಅಲ್ಲಿಗೆ ಮುಗಿದಿತ್ತು.

ಆಗ ಹೊಳೆಯಿತು. ಇಡೀ ಜಿಲ್ಲೆಯ ಹುಡುಗರು ಪ್ರೀತಿಯ ಹೆಸರಲ್ಲಿ ಅಳುತ್ತಿದ್ದ ಹಾಡಿನಲ್ಲಿ ಉಪಮೆ ಒಂದೂ ಇರಲಿಲ್ಲ. ದೀಪವೆಂದರೆ ಕಂದೀಲು. ಕತ್ತಲೆಂದರೆ ಹಗೇವು. ಕೂಗೆಂದರೆ ಕೂಗು.

ಗೊತ್ತಾದ ಮಾತನ್ನು ಒಂದು ಗಳಿಗೆ ಹೊಟ್ಟೆಯಲ್ಲಿಟ್ಟುಕೊಳ್ಳುವ ತಾಳ್ಮೆ ದೇವರು ನನಗೆ ಕೊಟ್ಟಿಲ್ಲ.

"ಇದು ಪ್ರೀತಿ ಹಾಡಲ್ರಿ," ಎಂದೆ. "ಇದು ಹಗೇವಿನ ಹಾಡು. ಅವತ್ತು ಕಂದೀಲು ಆರಿತ್ತು. ಆರಿದ್ದು ನೋಡಿ, ಉರೀತದ ಅಂತ ಹೇಳಿ ನಿಮ್ಮ ತಮ್ಮನ್ನ ಇಳಿಸ್ಯಾರ."

ಪಡಸಾಲೆಯಲ್ಲಿ ಮೊರದ ಸದ್ದು ನಿಂತಿತು.

ಕಂದೀಲು ಇಳಿಸಿದವರು ಯಾರು ಎಂದು ಕೇಳಿದೆ. ತಾನೇ ಎಂದ ರಮೇಶಕುಮಾರ. ಹೇಳಿಕೆಯಲ್ಲೂ ಹಾಗೇ ಬರೆಸಿದ್ದೇನೆ ಎಂದ. ಆರಿತ್ತೋ ಉರಿಯುತ್ತಿತ್ತೋ ಎಂದು ಕೇಳಿದ್ದಕ್ಕೆ ಉತ್ತರ ತಡವಾಗಿ ಬಂತು. ಬರುವ ಮೊದಲು ಅವನ ಕಣ್ಣು ಪಡಸಾಲೆಯ ಕಡೆ ಹೋಗಿ ಬಂದವು.

"ಉರೀತಿತ್ತು," ಎಂದ.

ಆ ತಡವನ್ನು ನಾನು ಅಪರಾಧಿಯ ತಡವರಿಕೆ ಎಂದುಕೊಂಡೆ. ಒಂದೇ ಉಸಿರಿಗೆ ಎಲ್ಲವನ್ನೂ ಜೋಡಿಸಿ ಅವನ ಮುಖದ ಮೇಲೆ ಒಗೆದೆ. ಭಾಗ್ಯ ಅವತ್ತು ಪಕ್ಕದಲ್ಲೇ ನಿಂತು ಕಂದೀಲು ಆರಿದ್ದನ್ನು ನೋಡಿದ್ದಾಳೆ. ನೀವು ಅಂಜಿಸಿದಿರಿ, ಉರಿಯುತ್ತಿದೆ ಎಂದು ಅವಳ ಬಾಯಿಂದಲೂ ಅನ್ನಿಸಿದಿರಿ. ಅದನ್ನು ತಡೆಯಲಾರದೆ ಹಾಡಿದ್ದಾಳೆ. ನೀವು ಅವಳನ್ನು ಕೂಡಿಹಾಕಿದ್ದು ಹೊಟ್ಟೆಕಿಚ್ಚಿಗಲ್ಲ, ಸಾಕ್ಷಿ ಹೊರಗೆ ಹೋಗಬಾರದು ಎಂದು. ಆ ಭರದಲ್ಲಿ ನಾನು ಕಾಲೇಜಿನ ಮೇಡಂ ಎಂಬುದನ್ನು ಪೂರಾ ಮರೆತುಬಿಟ್ಟಿದ್ದೆ.

ರಮೇಶಕುಮಾರ ಬೆವರುತ್ತಿದ್ದ. ಇನ್ನೊಂದು ಗಳಿಗೆಗೆ ಬೀಗದ ಕೈ ಹೊರಗೆ ಬರುತ್ತಿತ್ತೇನೋ.

ನನ್ನ ಕೈ ಹಿಡಿದು ಎಳೆದವಳು ಹಣಮಮ್ಮ. ಪಾಪ, ಸುಳ್ಳಿನ ಗಾಳಿ ತಾಗದ ಹೆಂಗಸು. ಮಗಳ ಮೇಲೆ ಹೊಸದೊಂದು ತಪ್ಪು ಬರುತ್ತಿದೆ ಎಂದಷ್ಟೇ ಅವಳಿಗೆ ತಿಳಿದದ್ದು.

"ಬಾಯಾರ, ಭಾಗ್ಯ ಅವತ್ತ ಇಲ್ಲಿ ಇದ್ದಿಲ್ರಿ. ಪಂಚಮಿಗಿ ನಮ್ಮನಿಗಿ ಬಂದಿದ್ಳು. ಸುದ್ದಿ ಬಂದಾಗ ನನ್ನ ಕೂಡ ಉಂಡಿ ಕಟ್ಟಾಕತ್ತಿದ್ಳು."

ಪಂಚಮಿಯ ಅಳ್ಳು, ಅಂದರೆ ಅರಳು, ಹುರಿಯಲು ಜೋಳ ಬೇಕೆಂದು ಹಗೇವು ತೆರೆದದ್ದು ನನಗೆ ಗೊತ್ತಿತ್ತು. ಪಂಚಮಿಗೆ ಮನೆಯ ಸೊಸೆ ತವರಲ್ಲಿರುತ್ತಾಳೆ ಎಂಬುದು ಈ ಸೀಮೆಯ ಕೂಸಿಗೂ ಗೊತ್ತು. ಅದನ್ನೇ ನೆಪ ಮಾಡಿಕೊಂಡು ಇವತ್ತು ಈ ಮನೆಗೆ ಬಂದ ನನಗೆ ಹೋದ ವರ್ಷವೂ ಒಂದು ಪಂಚಮಿ ಬಂದಿತ್ತೆಂಬುದು ಹೊಳೆದಿರಲಿಲ್ಲ. ನನ್ನ ಬುದ್ಧಿಗೆ ನಾನೇ ಛೀಮಾರಿ ಹಾಕಿಕೊಂಡೆ.

ರಮೇಶಕುಮಾರ ಮುಖ ಒರೆಸಿಕೊಂಡ. ನೋಡದವಳು ನೋಡಿದೆ ಎಂದು ಹಾಡುವುದು ಹೇಗೆ, ಎಂದು ಕೇಳಿದ. ಅಲ್ಲಿಗೆ ಇದು ಹಗೇವಿನ ಹಾಡಲ್ಲ, ತನ್ನ ಅರ್ಥವೇ ಖರೆ. ನೀವಿಬ್ಬರೂ ಎದ್ದು ನಡೆಯಿರಿ, ಅವಳು ಬರುವುದಿಲ್ಲ. ಇಷ್ಟು ಹೇಳಿ ಬೀಗದ ಕೈ ತೆಗೆಯಲು ಜೇಬಿಗೆ ಕೈಹಾಕಿದ. ನಾನು ಬಾಯಿಬಿಟ್ಟು ಭಾಗ್ಯಳಿಗಿದ್ದ ಒಂದೇ ದಾರಿಯನ್ನೂ ಮುಚ್ಚಿದ್ದೆ. ನಾಚಿಕೆಯಿಂದ ಹಣಮಮ್ಮನ ಮುಖ ನೋಡಲಾಗಲಿಲ್ಲ.

ಪರದೆ ಸರಿಯಿತು.

ಭಾಗ್ಯ ಹೊರಗೆ ಬಂದಳು. ಫೋಟೋದಲ್ಲಿ ನೋಡಿದ್ದ ದುಂಡುಮುಖದ ಹುಡುಗಿಯಲ್ಲ ಇವಳು. ಕೆನ್ನೆ ಇಳಿದಿದ್ದವು, ಬಿಸಿಲು ಕಾಣದ ಮೈ ಬಿಳಿಚಿಕೊಂಡಿತ್ತು. ತಾಯಿಯ ಕಡೆ ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದಳು.

"ಹಾಡು ನಂದಲ್ಲ," ಎಂದಳು. "ನಾ ಹಾಡೀನಿ, ಅಷ್ಟ."

ಯಾರದು ಎಂದು ಗಂಡ ಕೇಳಿದ. ಅವಳ ಮಾತು ತುಂಡುತುಂಡಾಗಿ ಬಂತು. ಮೈದುನ ಹೋದಾಗಿನಿಂದ ಅತ್ತೆ ರೊಟ್ಟಿ ಬಡಿಯುವಾಗ ಏನೋ ಗುನುಗುತ್ತಿದ್ದಳು. ಕೇಳಿದರೆ ಏನಿಲ್ಲ ಎನ್ನುತ್ತಿದ್ದಳು. ಕೇಳುತ್ತ ಕೇಳುತ್ತ ಸೊಸೆಗೆ ಬಾಯಿಪಾಠವಾಯಿತು. ಒಂದು ಮಧ್ಯಾಹ್ನ ಫೋನಿನಲ್ಲಿ ಹಾಡಿ, ವಾಡಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಹಳೆಯ ಸಹಪಾಠಿ ಇಮ್ರಾನನಿಗೆ ಕಳಿಸಿದಳು. ಅವನು ಗಿಟಾರು ಸೇರಿಸಿದ.

"ಮಗನ್ನ ಕಳಕೊಂಡ ತಾಯಿ ಪದಾ ಅಂತ ಕಳಿಸಿದ್ದೆ. ಅದರಾಗ ಇಷ್ಟೆಲ್ಲಾ ಅದ ಅಂತ ಆಮ್ಯಾಲ ತಿಳೀತು. ತಿಳಿದ ಮ್ಯಾಲ ಹ್ಯಾಂಗ ಹೇಳ್ಲಿ? ಹೇಳಿದ್ರ ಅತ್ತಿ ಉಳಿಯಂಗಿಲ್ಲ. ಹೇಳದಿದ್ರ ನನಗ ಹೊರಗ ಬಿಡಂಗಿಲ್ಲ. ಒಳಗೇ ಇದ್ದರಾತು ಅಂತ ಇದ್ದೆ."

ಇದನ್ನು ಕೇಳಿ ನನಗೆ ಅಳು ಬಂದದ್ದು ಖರೆ. ಗಂಡ ಹಾಕಿದ ಬೀಗದೊಳಗೆ ಈ ಹುಡುಗಿ ತಾನೂ ಒಂದು ಬೀಗ ಹಾಕಿಕೊಂಡು ಕುಳಿತಿದ್ದಳು. ಅದನ್ನು ತೆರೆಯಲು ಹೇಳುವವರು ಯಾರೂ ಬಂದಿರಲಿಲ್ಲ.

ರಮೇಶಕುಮಾರನ ತಲೆಗೆ ಏನೂ ಹತ್ತಲಿಲ್ಲವೋ, ಹತ್ತಿದ್ದು ಬೇಡವಾಯಿತೋ. ಅವ್ವನ ಮೇಲೆ ಮಾತು ಹೋಗಬಾರದೆಂದೇ ತಾನು ಕಂದೀಲಿನ ಮಾತನ್ನು ಮೈಮೇಲೆ ಹಾಕಿಕೊಂಡದ್ದು, ಎಂದ. ಅವತ್ತು ಕಂದೀಲು ಇಳಿಸಿದ್ದು ಅವ್ವ. ಉರಿಯುತ್ತಿದೆ ಎಂದು ಅವಳು ಹೇಳಿದಳು, ತಾನು ನಂಬಿದ. ಮಗನನ್ನು ಕಳೆದುಕೊಂಡ ಮುದುಕಿಯನ್ನು ಮತ್ತೆ ಪೊಲೀಸರ ಮುಂದೆ ನಿಲ್ಲಿಸುವುದು ಬೇಡವೆಂದು ತಾನೇ ಇಳಿಸಿದ್ದಾಗಿ ಬರೆಸಿದ. ಮುಪ್ಪಿನ ಕಣ್ಣು, ಸರಿಯಾಗಿ ಕಂಡಿರಲಿಕ್ಕಿಲ್ಲ. ಅದಕ್ಕೆ ಯಾರೇನು ಮಾಡುವುದು?

"ನನ್ನ ಕಣ್ಣಿಗಿ ಏನೂ ಆಗಿಲ್ಲ," ಎಂದಳು ದಾನಮ್ಮ.

ಅವಳು ಮೊರ ಪಕ್ಕಕ್ಕಿಟ್ಟಿದ್ದಳು. ದನಿಯಲ್ಲಿ ಅಳುವಿರಲಿಲ್ಲ. ಬೇಳೆಯ ಹೊಟ್ಟನ್ನು ಸೀರೆಯಿಂದ ಕೊಡವುತ್ತ, ಹೊಲದ ಮಾತು ಆಡುವಂತೆ ಆಡಿದಳು.

"ಆರಿದ್ದು ನೋಡಿದೆ, ಉರೀತದ ಅಂದೆ. ಖರೇ ಅದ. ಆದ್ರ ಲಕ್ಷ್ಮಿಕಾಂತಗ ಅಂದಿದ್ದಲ್ಲ. ಹಗ್ಗಾ ನಡಕ್ಕ ಕಟಗೊಂಡು ನಿಂತಾಂವ ನೀ ಇದ್ದಿ, ರಮೇಶ."

ದಾನಮ್ಮ ಈ ಮನೆಗೆ ಬಂದದ್ದು ಎರಡನೆಯ ಸಂಬಂಧವಾಗಿ. ರಮೇಶಕುಮಾರ ಮೊದಲ ಹೆಂಡತಿಯ ಮಗ, ಲಕ್ಷ್ಮಿಕಾಂತ ಇವಳ ಹೊಟ್ಟೆಯಲ್ಲಿ ಹುಟ್ಟಿದವನು. ಇದನ್ನು ಹಣಮಮ್ಮ ನನಗೆ ಸಂಬಂಧ ತಿಳಿಯಲೆಂದು ಹೇಳಿದ್ದಳು, ನಾನು ಕೇಳಿ ಬಿಟ್ಟಿದ್ದೆ. ಎಲ್ಲರ ಬಾಯಲ್ಲೂ ದಾನಮ್ಮ ಇಬ್ಬರಿಗೂ ಅವ್ವ.

"ಹೊಲಾ, ಮನಿ ಎಲ್ಲಾ ನಿನ್ನ ಹೆಸರಿಗಿ ಮಾಡಿ ಹ್ವಾದರು ನಿಮ್ಮಪ್ಪ. ನನ್ನ ಮಗ ನಿನ್ನ ಕೈ ನೋಡಕೋತ ಬದಕಬೇಕಾತು. ಆ ಗಳಿಗ್ಯಾಗ ಅದೇ ತಲ್ಯಾಗ ಬಂತು. ಉರೀತದ ಅಂದೆ. ಲಕ್ಷ್ಮಿಕಾಂತ ನಿನ್ನ ನಡದಾಗಿನ ಹಗ್ಗಾ ಬಿಚ್ಚಿದ. ಅಣ್ಣಗ ದಮ್ಮು ಅದ, ನಾ ಇಳೀತೀನಿ ಅಂದ."

ರಮೇಶಕುಮಾರ ತಲೆ ಆಡಿಸಿದ. ಹಾಗೆ ನಡೆದದ್ದು ಅವನಿಗೂ ನೆನಪಿತ್ತು.

"ಬ್ಯಾಡ ಅನ್ನಾಕ ಬಾಯಿ ತೆರದೆ," ಎಂದಳು ದಾನಮ್ಮ. "ಬ್ಯಾಡ ಅಂದ್ರ ಯಾಕ ಅಂತ ಕೇಳತಿದ್ರಿ. ಏನಂತ ಹೇಳ್ಲಿ? ಒಂದು ಕೂಗಿಗಿ ಓ ಅಂದ. ಇನ್ನೊಂದಕ್ಕ ಓ ಅಂದ."

ಈ ಹೆಂಗಸನ್ನು ಹಿಡಿದುಕೊಡಲು ಬೇಕಾದ ಮಾತೆಲ್ಲ ನನ್ನ ಕಿವಿಗೆ ಬಿದ್ದಿತ್ತು. ನನಗೆ ಗೆದ್ದ ಖುಷಿ ಒಂದು ಚೂರೂ ಆಗಲಿಲ್ಲ. ಹೊರಗೆ ಓಡಿಬಿಡಬೇಕು ಎನಿಸಿತು.

ರಮೇಶಕುಮಾರ ಬೀಗದ ಕೈಯನ್ನು ಹಣಮಮ್ಮನ ಉಡಿಗೆ ಎಸೆದ. ಮಗಳನ್ನು ಕರೆದುಕೊಂಡು ಹೋಗಿ ಎಂದ. ಹಣಮಮ್ಮ ಮಾತು ಮುಗಿಯುವುದನ್ನೂ ಕಾಯಲಿಲ್ಲ. ಬೀಗ ತೆಗೆದಳು, ಅಗಳಿ ಸರಿಸಿದಳು, ಮಗಳ ರಟ್ಟೆ ಹಿಡಿದು ಎಳೆದುಕೊಂಡೇ ಹೊರಟಳು. ಬಾಗಿಲು ತೆರೆದದ್ದೇ ಬೀದಿಯ ಬೆಳಕು ಅಂಗಳಕ್ಕೆ ಬಂತು. ಭಾಗ್ಯ ಹೊಸಿಲು ದಾಟಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಳು.

ನನ್ನ ಕೆಲಸ ಆಗಿಹೋಗಿತ್ತು. ನಾನೂ ಎದ್ದು ಅವರ ಹಿಂದೆ ನಡೆಯಬೇಕಿತ್ತು. ನಡೆಯಲಿಲ್ಲ, ಏಕೆಂದರೆ ರಮೇಶಕುಮಾರ ದನದ ಕೊಟ್ಟಿಗೆಯ ಮೂಲೆಯಿಂದ ಕಬ್ಬಿಣದ ಹಾರೆ ತಂದಿದ್ದ. ಫರಸಿಯ ಸುತ್ತಲಿನ ಮಣ್ಣನ್ನು ಕುಟ್ಟಿ ತೆಗೆದ. ಹಾರೆಯನ್ನು ಸಂದಿಗೆ ಕೊಟ್ಟು ಮೀಟಿದ. ಕಲ್ಲು ಒಂದು ಕಡೆ ಉರುಳಿತು. ಒಂದು ವರ್ಷದಿಂದ ಒಳಗೇ ಕೊಳೆತ ಜೋಳದ ವಾಸನೆ ಮೇಲೆದ್ದು ಬಂದು ನನ್ನ ಗಂಟಲಿಗೆ ಹತ್ತಿತು.

ಅವನನ್ನು ಹೆಸರು ಹಿಡಿದು ಕರೆದೆ. ಫೋನು ಕೊಡು ಎಂದೆ. ನಾನು ಮೇಡಂ ಅಲ್ಲ, ಯಾರೆಂದೂ ಹೇಳಿದೆ. ಅವನು ನನ್ನನ್ನು ನೋಡಲೇ ಇಲ್ಲ.

"ಚಿಕ್ಕವ್ವ," ಎಂದ. ಇಷ್ಟು ಹೊತ್ತೂ ಅವನ ಬಾಯಲ್ಲಿ ಅವ್ವ ಎಂದೇ ಬಂದಿತ್ತು. "ಈ ಸಲ ಕಂದೀಲು ನಾ ಇಳಿಸ್ತೀನಿ. ಉರೀತದೋ, ಆರ್ತದೋ, ನಾನೇ ಹೇಳ್ತೀನಿ."

ದಾನಮ್ಮ ಪಡಸಾಲೆಯಿಂದ ಇಳಿದಳು. ಸೆರಗನ್ನು ನಡಕ್ಕೆ ಸಿಕ್ಕಿಸಿಕೊಂಡಳು. ಹಗೇವಿನ ಬಾಯಿಯ ಅಂಚಿಗೆ ಕುಳಿತು ಎರಡೂ ಕಾಲನ್ನು ಒಳಗೆ ಇಳಿಬಿಟ್ಟಳು.

"ಕಂದೀಲು ಬ್ಯಾಡ," ಎಂದಳು.

ಅದು ಹೊಸಿಲ ಆಚೆಗೂ ಕೇಳಿಸಿತು. ಭಾಗ್ಯ ತಿರುಗಿದಳು. ತಾಯಿ ಎರಡೂ ಕೈಯಿಂದ ಅವಳ ರಟ್ಟೆ ಹಿಡಿದಿದ್ದಳು, ಬ್ಯಾಡ ಬ್ಯಾಡ ಎನ್ನುತ್ತಿದ್ದಳು. ಭಾಗ್ಯ ಕೊಸರಿ ಬಿಡಿಸಿಕೊಂಡಳು, ಅತ್ತಿ ಎನ್ನುತ್ತ ಹೊಸಿಲು ದಾಟಿ ಮತ್ತೆ ಒಳಗೆ ಓಡಿಬಂದಳು.

ರಮೇಶಕುಮಾರ ಹಾರೆ ಹಿಡಿದೇ ಅವಳನ್ನು ಹಾದು ಬಾಗಿಲಿಗೆ ಹೋದ. ಹಣಮಮ್ಮ ಹೊರಗೆ ಉಳಿದಿದ್ದಳು. ಅವನು ಬಾಗಿಲು ನೂಕಿ, ನಮ್ಮೆಲ್ಲರನ್ನೂ ಒಳಗಿಟ್ಟು ಅಗಳಿ ಹಾಕಿದ.